ಅಂಚು ಕಟ್ಟಿದ ಗಾಲಿ

ಸೀರೆಗೆ ಅಂಚು ಯಾಕಿರ್ತದೆ ಗೊತ್ತೇನಲೇ, ಅಂದ
ಹೊನ್ನೂರಸಾಬ, ರಾಯದುರ್ಗದ ಕಣೇಕಲ್ಲು ರಸ್ತೆಯಲ್ಲಿ,
ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ.
ಚೆಂದಕ್ಕೆ, ಅಂದೆ.
ಸುಡುಗಾಡು ಚೆಂದ. ಎಳೆ ದಾರಿ ತಪ್ಪಬಾರದಂತ.
ಗಾಲಿಗೂ ಹಂಗೇ, ಒಳಮಗ್ಗುಲಿಗೆ ಒಂದಿಂಚು ಅಂಚು.
ಅದಿಲ್ಲದಿದ್ದರೆ ರೈಲೂ ಒಂದು ಎತ್ತಿನಗಾಡಿ.

ಫಿಯೆಟ್ಟು ಹಲ್ಲಿನ ಡಾಕ್ಟರದು. ಅವರು ತೀರಿಕೊಂಡ ಮೇಲೆ
ಆರು ವರ್ಷ ಹಿಂದಿನ ಸೀಟಿನಲ್ಲಿ ಕೋಳಿ ಮಲಗಿದವು.
ಎರಡು ಸಾವಿರ ಕೊಟ್ಟು ನೂಕಿಕೊಂಡು ತಂದೆವು.
ಮೊಟ್ಟೆಯೊಂದು ಸಿಕ್ಕಿತು, ಅದು ಲೆಕ್ಕಕ್ಕಿಲ್ಲ.

ಆಕ್ಸಲ್ಲನ್ನು ಎರಡೂ ಕಡೆ ಆರಾರು ಬೆರಳು ಕೊಯ್ದ.
ಮೀಟರ್ ಗೇಜು ಅಂದರೆ ಮೀಟರು,
ಕೂದಲೆಳೆಯಷ್ಟೂ ಸಾಲ ಹುಟ್ಟೋದಿಲ್ಲ ಅಲ್ಲಿ.
ಅಳತೆಗೆ ಮಾಬುಬೀಯ ಟೇಪು.
ಅವಳು ಮನೆಯಲ್ಲಿ ಜೀನ್ಸಿಗೆ ಜಿಪ್ಪು ಹೊಲಿಯುವವಳು, ಡಜನ್ನಿಗಿಷ್ಟು ಅಂತ.
ಟೇಪು ವಾಪಸು ಬಂದಾಗ ಮೊದಲ ಮೂರಿಂಚು ಸುಟ್ಟಿತ್ತು.
ಅವತ್ತಿನಿಂದ ಅವಳು ಮೂರರಿಂದ ಎಣಿಸುತ್ತಾಳೆ.

ಕ್ವಾರಿ ಲೈನು ಮುಚ್ಚಿ ಹನ್ನೊಂದು ವರ್ಷ.
ಹಳಿ ಕೀಳುವ ಗುತ್ತಿಗೆ ಆಗಿದೆ, ಸೋಮವಾರ ಬರ್ತಾರಂತೆ.
ಭಾನುವಾರ ಇನ್ನೂ ಕತ್ತಲಿರುವಾಗ
ಹದಿನಾಲ್ಕು ಜನ ಹೊತ್ತು ಕಾರನ್ನು ಹಳಿಗೆ ಕೂಡಿಸಿದೆವು,
ಕುಡಿದ ಮದುಮಗನನ್ನು ಹಸೆಗೆ ಕೂಡಿಸಿದ ಹಾಗೆ.

ಹೊರಡುವಾಗ ಗಾದಿಲಿಂಗಪ್ಪ ಬಂದ. ರಿಟೈರಾದ ಕೀಮ್ಯಾನ್.
ಮೂವತ್ತೊಂದು ವರ್ಷ ಈ ಲೈನು ನಡೆದವನು,
ಒಂದು ದಿನವೂ ಅದರ ಮೇಲೆ ಕೂತು ಹೋದವನಲ್ಲ.
ಹೆಗಲ ಮೇಲೆ ಸುತ್ತಿಗೆ. ಇದ್ಯಾಕೆ ತಾತಾ, ಅಂದರೆ
ಖಾಲಿ ಕೈಲಿ ಹೆಂಗೆ ಬರೋದು, ಅಂದ.

ಹೊರಟಿತು.
ಟೈರಿಲ್ಲದ ಕಾರು ಹಲ್ಲು ಕಡಿಯುತ್ತದೆ,
ಹಳಿಯ ಜೋಡು ಬಂದಲ್ಲೆಲ್ಲ ಬೆನ್ನುಹುರಿಗೊಂದು ಠಕ್ಕು.
ಸ್ಟೇರಿಂಗು ಬೇಡವೇ ಬೇಡ, ಆದರೂ ಬಿಚ್ಚಿರಲಿಲ್ಲ.
ಬಂಡೆಯ ಹತ್ತಿರ ಹಳಿ ತಾನೇ ತಿರುಗಿತು.
ಹೊನ್ನೂರಸಾಬನ ಕೈ ನಂಬಲಿಲ್ಲ, ತಾವೂ ತಿರುಗಿಸಿದವು.
ಆಮೇಲೆ ನಾಚಿಕೊಂಡು ಬೀಡಿ ಹಚ್ಚಿದ.

ಎಲ್ಲಿ ಆಂಧ್ರ ಮುಗಿಯಿತು, ಎಲ್ಲಿ ಕರ್ನಾಟಕ?
ಒಂದು ಕಲ್ಲಿತ್ತು. ಈ ಮಗ್ಗುಲಿಗೆ ತೆಲುಗಕ್ಷರ,
ಆ ಮಗ್ಗುಲಿಗೆ ಬಿಸಿಲು ಕಾಯುವ ಓತಿಕ್ಯಾತ.

ನಿಲ್ಲಿಸು, ಅಂದ ಗಾದಿಲಿಂಗಪ್ಪ.
ಇಳಿದ, ಬಗ್ಗಿದ, ಸಡಿಲಾದ ಬೆಣೆಗೆ ಎರಡೇಟು. ಹತ್ತಿದ.
ನಾಲ್ಕು ಕಂಬ ದಾಟಿದ್ದೆವೋ ಇಲ್ಲವೋ, ನಿಲ್ಲಿಸು.
ಕಣ್ಣಿಂದಲ್ಲ, ಕಿವಿಯಿಂದ ಹಿಡಿಯುತ್ತಿದ್ದ,
ಸಾವಿರ ಠಕ್ಕಿನಲ್ಲಿ ಯಾವ ಠಕ್ಕು ಸುಳ್ಳು ಹೇಳಿತು ಅಂತ.
ನಾಳೆ ಕೀಳ್ತಾರಲ್ಲ ತಾತಾ, ಅಂದೆ.
ನಾಳೇದು ನಾಳೆಗೆ. ಇವತ್ತು ಗಾಡಿ ಬಂದೈತಲ್ಲ.

ಏಳನೇ ಮೈಲಿಗೆ ಹಳಿಯೇ ಇರಲಿಲ್ಲ.
ಆ ಕಡೆಯ ಗುತ್ತಿಗೆದಾರ ನಮ್ಮವನಿಗಿಂತ ಅವಸರದವನು.
ಮಣ್ಣಲ್ಲಿ ಸ್ಲೀಪರಿನ ಗುರುತು ಮಾತ್ರ,
ಯಾರೋ ಏಣಿ ಮಲಗಿಸಿ ಎತ್ತಿಕೊಂಡು ಹೋದ ಹಾಗೆ.
ಹಳಿ ಮೇಲಿದ್ದವನಿಗೆ ದಿಕ್ಕು ಎರಡೇ.
ರಿವರ್ಸಿನಲ್ಲೇ ಬಂದೆವು, ಏಳೂ ಮೈಲಿ,
ಎದುರಿಗಿದ್ದದ್ದೆಲ್ಲ ಚಿಕ್ಕದಾಗುತ್ತ,
ಬೆನ್ನ ಹಿಂದೆ ಊರು ಬರುತ್ತ.
ಠಕ್ಕು ಈಗ ಸಮ ಬೀಳುತ್ತಿತ್ತು. ಗಾದಿಲಿಂಗಪ್ಪ ನಿದ್ದೆ ಹೋದ.

ಗುರುವಾರ ಚಹಾದಂಗಡಿಯಲ್ಲಿ ಗುತ್ತಿಗೆಯ ಮೇಸ್ತ್ರಿ ಬೈಯುತ್ತಿದ್ದ,
ಅರ್ಧ ತೆಲುಗು, ಅರ್ಧ ಕನ್ನಡ:
ಎಲ್ಲ ಬೆಣೆಯೂ ಹಾಲುಹಲ್ಲಿನ ಹಾಗೆ ಬಂದವು,
ನಲವತ್ಮೂರು ಮಾತ್ರ ಜಪ್ಪಯ್ಯ ಅನ್ನಲಿಲ್ಲ,
ಗ್ಯಾಸು ಹಚ್ಚಿ ಕೊಯ್ಯಿಸಬೇಕಾಯ್ತು, ದಂಡ.

ಕೊಯ್ದವನು ನಮ್ಮ ಹೊನ್ನೂರಸಾಬನೇ.
ಬೆಣೆಗೆ ಹದಿನೈದು ರೂಪಾಯಿ.
ನಲವತ್ತೆರಡಕ್ಕೆ ಇಸಗೊಂಡ.